ಜನ್ನನ ಹಿಟ್ಟಿನ ಕೋಳಿಯೂ ಕಾರ್ನಾಡರ ಹಿಟ್ಟಿನ ಹುಂಜವೂ

ಹೊಯ್ಸಳ ವೀರಬಲ್ಲಾಳನ ಆಸ್ಥಾನದಲ್ಲಿದ್ದ ಕವಿಚಕ್ರವರ್ತಿ ಜನ್ನನು ತನ್ನ 'ಯಶೋಧರ ಚರಿತೆ'ಯನ್ನು ಕ್ರಿ.ಶ. 1209ರಲ್ಲಿ ಪೂರ್ಣಗೊಳಿಸಿದನು. ಅದಾದ 771 ವರ್ಷಗಳ ಬಳಿಕ, 1980ರಲ್ಲಿ, ಗಿರೀಶ ಕಾರ್ನಾಡರ 'ಹಿಟ್ಟಿನ ಹುಂಜ' ನಾಟಕವು ಪ್ರಕಟವಾಯಿತು. ಎರಡರ ಕಥಾಬೀಜವೂ ಒಂದೇ. ಅರಸನು ಜೀವವಿಲ್ಲದ ಹಿಟ್ಟಿನ ಕೋಳಿಯೊಂದನ್ನು ದೇವಿಗೆ ಬಲಿಕೊಡಲು ಒಪ್ಪುತ್ತಾನೆ. ಆ ಕೋಳಿ ಕೂಗುತ್ತದೆ. ಈ ಒಂದು ಕೂಗಿನಿಂದ ಜನ್ನನು ಹಲವು ಜನ್ಮಗಳ ಕಥೆಯನ್ನು ಹೆಣೆದನು. ಕಾರ್ನಾಡರು ಒಂದೇ ಇರುಳಿನ ನಾಟಕವನ್ನು ಕಟ್ಟಿದರು. ಈ ಅಂತರವು ಕಾವ್ಯಕ್ಕೂ ರಂಗಭೂಮಿಗೂ ಇರುವ ಅಂತರದಿಂದ ಮಾತ್ರ ಹುಟ್ಟಿದ್ದೆಂದು ಹೇಳಿ ಮುಗಿಸುವಂತಿಲ್ಲ. ಜನ್ನನು ನಂಬಿದ್ದ ಒಂದು ವಿಷಯವನ್ನು ಕಾರ್ನಾಡರು ನಂಬಿರಲಿಲ್ಲ. ನಂಬದವನು ಆ ಕಥೆಯನ್ನು ಮುಟ್ಟಿದಾಗ ಅದರಲ್ಲಿ ಏನು ಉಳಿಯಿತು, ಏನು ಹೋಯಿತು ಎಂಬುದು ಪರಿಶೀಲಿಸಬೇಕಾದ ಸಂಗತಿ.

ಯಶೋಧರನ ಕಥೆ ಜೈನ ಸಮಾಜಕ್ಕೆ ಹೊಸದಲ್ಲ. ಸೋಮದೇವಸೂರಿಯು 959ರಲ್ಲಿ 'ಯಶಸ್ತಿಲಕ ಚಂಪು'ವನ್ನು ರಚಿಸಿದನು. ಪುಷ್ಪದಂತನು ಅಪಭ್ರಂಶದಲ್ಲಿಯೂ ವಾದಿರಾಜನು ಸಂಸ್ಕೃತದಲ್ಲಿಯೂ ಇದನ್ನು ಬರೆದರು. ದಶಲಕ್ಷಣ ಪರ್ವದ ಪ್ರವಚನಗಳಲ್ಲಿ ಉತ್ತಮ ಕ್ಷಮೆಯ ಮಾತು ಬಂದಾಗ ಈ ಕಥೆಯೂ ಬರುವುದುಂಟು. ಆದುದರಿಂದ ಕಾರ್ನಾಡರ ನಾಟಕವನ್ನು ಕೈಗೆತ್ತಿಕೊಳ್ಳುವ ಜೈನ ಓದುಗನು ತನ್ನ ಮನೆಯ ಒಡವೆಯನ್ನು ಅನ್ಯರ ಕೈಯಲ್ಲಿ ಕಂಡಂತೆ ನೋಡುತ್ತಾನೆ. ತೂಕ ಕಡಿಮೆಯಾಗಿದೆಯೇ ಎಂಬುದು ಅವನ ಮೊದಲ ಅನುಮಾನ. ಆ ಅನುಮಾನ ತಪ್ಪಲ್ಲ. ಆದರೆ ತಕ್ಕಡಿಗೆ ಇಡದೆ ತೀರ್ಪು ಹೇಳುವುದು ವ್ಯಾಪಾರದಲ್ಲಿಯೂ ಸಲ್ಲದು, ವಿಮರ್ಶೆಯಲ್ಲಿಯೂ ಸಲ್ಲದು.

ಕಾರ್ನಾಡರ ಮನೆತನದ ಹೆಸರು ಮಂಗಳೂರಿಗೆ ಪರಿಚಿತವಾದುದು. ಮೂಲ್ಕಿಯ ಬಳಿಯ ಕಾರ್ನಾಡು ಎಂಬ ಊರಿನಿಂದ ಬಂದ ಹೆಸರು ಅದು. ಇದೇ ಹೆಸರಿನ ಕಾರ್ನಾಡು ಸದಾಶಿವರಾಯರು ಸ್ವಾತಂತ್ರ್ಯ ಹೋರಾಟಕ್ಕಾಗಿ ತಮ್ಮ ಸರ್ವಸ್ವವನ್ನೂ ಕಳೆದುಕೊಂಡವರೆಂದು ಈ ಜಿಲ್ಲೆಯ ಹಿರಿಯರೆಲ್ಲ ಬಲ್ಲರು. ಗಿರೀಶ ಕಾರ್ನಾಡರು ಚಿತ್ರಾಪುರ ಸಾರಸ್ವತ ಕುಟುಂಬದವರು. 1938ರ ಮೇ 19ರಂದು ಮಾಥೇರಾನಿನಲ್ಲಿ ಜನಿಸಿ, ಶಿರಸಿ ಮತ್ತು ಧಾರವಾಡಗಳಲ್ಲಿ ಬೆಳೆದು, ಗಣಿತ ಮತ್ತು ಸಂಖ್ಯಾಶಾಸ್ತ್ರಗಳಲ್ಲಿ ಪದವಿ ಪಡೆದು, ಆಕ್ಸ್‌ಫರ್ಡಿಗೆ ಹೋಗಿ ಬಂದವರು. ಆಚಾರ, ವ್ರತ, ಪೂಜೆಗಳಲ್ಲಿ ಅವರಿಗೆ ಶ್ರದ್ಧೆ ಇರಲಿಲ್ಲ. 2019ರ ಜೂನ್ 10ರಂದು ಬೆಂಗಳೂರಿನಲ್ಲಿ ಅವರು ತೀರಿಕೊಂಡಾಗ, ಅವರ ಇಚ್ಛೆಯಂತೆಯೇ ಯಾವ ಧಾರ್ಮಿಕ ವಿಧಿಯೂ ನಡೆಯಲಿಲ್ಲ; ಸರಕಾರಿ ಗೌರವವನ್ನೂ ಸ್ವೀಕರಿಸಲಿಲ್ಲ. ಬದುಕಿನ ಕೊನೆಯವರೆಗೂ ಒಂದೇ ಮಾತಿಗೆ ನಿಂತವರೆಂದು ಅವರನ್ನು ಒಪ್ಪದವರೂ ಹೇಳಬೇಕಾಗುತ್ತದೆ.

ಅವರ ನಂಬಿಕೆಯ ಸ್ವರೂಪವನ್ನು ತಿಳಿಯಲು 2011ರಲ್ಲಿ ಪ್ರಕಟವಾದ ಅವರ ಆತ್ಮಕಥೆ 'ಆಡಾಡತ ಆಯುಷ್ಯ'ದ ಅರ್ಪಣೆಯನ್ನು ನೋಡಬೇಕು. ಗ್ರಂಥವನ್ನು ಅವರು ಪುಣೆಯ ಡಾ. ಮಧುಮಾಲತಿ ಗುಣೆ ಎಂಬ ವೈದ್ಯೆಗೆ ಅರ್ಪಿಸಿದ್ದಾರೆ. ಕಾರ್ನಾಡರು ಗರ್ಭದಲ್ಲಿದ್ದಾಗ ಅವರ ತಾಯಿ, ಇದ್ದ ಮಕ್ಕಳೇ ಸಾಕೆಂದು, ಗರ್ಭವನ್ನು ತೆಗೆಸಿಕೊಳ್ಳಲು ಆ ವೈದ್ಯೆಯ ಚಿಕಿತ್ಸಾಲಯಕ್ಕೆ ಹೋಗಿದ್ದರು. ವೈದ್ಯೆ ಬರಲಿಲ್ಲ. ಬಹಳ ಹೊತ್ತು ಕಾದು ದಂಪತಿಗಳು ಹಿಂದಿರುಗಿದರು. ಮುಂದೆ ಎಷ್ಟೋ ವರ್ಷಗಳ ಮೇಲೆ ತಾಯಿಯೇ ಈ ಸಂಗತಿಯನ್ನು ಮಗನಿಗೆ ಹೇಳಿದರು. ತನ್ನನ್ನು ಇಲ್ಲವಾಗಿಸಬೇಕಾಗಿದ್ದ, ಬಾರದೆಹೋದ ಆ ವೈದ್ಯೆಗೆ ಮಗನು ತನ್ನ ಬದುಕಿನ ಕಥೆಯನ್ನು ಅರ್ಪಿಸಿದನು.

ಜೈನ ಓದುಗನು ಈ ಪುಟದ ಮುಂದೆ ಸ್ವಲ್ಪ ಹೊತ್ತು ನಿಲ್ಲಬೇಕಾಗುತ್ತದೆ. ಜನ್ನನು ಇದನ್ನು ಬರೆದಿದ್ದರೆ ಆ ಜೀವದ ಆಯುಕರ್ಮದ ಮಾತನ್ನು ಎತ್ತುತ್ತಿದ್ದನು. ವೈದ್ಯೆಯ ಗೈರುಹಾಜರಿಯ ಹಿಂದೆ ಜನ್ಮಾಂತರದ ಬಂಧವೊಂದನ್ನು ತೋರಿಸುತ್ತಿದ್ದನು. ಕಾರ್ನಾಡರ ಪಾಲಿಗೆ ಅದು ಶುದ್ಧ ಆಕಸ್ಮಿಕ. ಒಬ್ಬರು ಸಮಯಕ್ಕೆ ಬಾರದೆ ಇದ್ದುದರಿಂದ ಒಂದು ಬದುಕು ಉಳಿಯಿತು. ಅದಕ್ಕೆ ಹಿಂದೂ ಇಲ್ಲ, ಮುಂದೂ ಇಲ್ಲ. ತಾಯಿಯ ಮೇಲೆ ಆಕ್ಷೇಪವಿಲ್ಲ, ದೇವರಿಗೆ ಕೃತಜ್ಞತೆಯಿಲ್ಲ. ಆತ್ಮಕಥೆಗೆ 'ಆಡಾಡತ' ಎಂಬ ಮಾತನ್ನು ಆರಿಸಿಕೊಂಡವನ ತತ್ತ್ವಶಾಸ್ತ್ರವೆಲ್ಲ ಈ ಅರ್ಪಣೆಯಲ್ಲಿದೆ. 'ಹಿಟ್ಟಿನ ಹುಂಜ' ಬರೆದುದು ಆತ್ಮಕಥೆಗಿಂತ ಮೂವತ್ತು ವರ್ಷ ಮೊದಲು. ಆದರೂ ನಾಟಕದಲ್ಲಿರುವ ಕಣ್ಣು ಇದೇ.

ಜನ್ನನ ಕಾವ್ಯದ ಚೌಕಟ್ಟನ್ನು ನೆನಪಿಸಿಕೊಳ್ಳುವುದು ಅಗತ್ಯ. ಮಾರಿದತ್ತನೆಂಬ ಅರಸನು ಚಂಡಮಾರಿಗೆ ಬಲಿಕೊಡಲು ಪ್ರಾಣಿಗಳ ಜೊತೆಗೆ ಎಳೆಯ ಅವಳಿಗಳಿಬ್ಬರನ್ನು ತರಿಸುತ್ತಾನೆ. ಕತ್ತಿಯ ಕೆಳಗೆ ನಿಂತ ಅಭಯರುಚಿಯು ಅಂಜದೆ ತನ್ನ ಹಿಂದಿನ ಭವಗಳನ್ನು ಹೇಳುತ್ತಾನೆ. ಒಮ್ಮೆ ಆತನು ಉಜ್ಜಯಿನಿಯ ಅರಸು ಯಶೋಧರ. ರಾಣಿ ಅಮೃತಮತಿಯು ನಡುರಾತ್ರಿ ಮಾವುತ ಅಷ್ಟಾವಂಕನ ಹಾಡಿಗೆ ಮನಸೋತು ಅವನ ಬಳಿಗೆ ಹೋಗತೊಡಗಿದಳು. ಕಣ್ಣಾರೆ ಕಂಡ ಅರಸನು ಕತ್ತಿಯನ್ನೆತ್ತಿಯೂ ತಡೆದುಕೊಂಡನು. ಮರುದಿನ ತಾಯಿ ಚಂದ್ರಮತಿಗೆ ಕನಸಿನ ನೆಪದಲ್ಲಿ ಮರೆಮಾಚಿ ಹೇಳಿದನು. ಕೇಡು ಕಳೆಯಲು ಪ್ರಾಣಿಬಲಿ ಕೊಡೆಂದು ತಾಯಿ ಹಟಹಿಡಿದಳು. ಕೊಲ್ಲಲಾರೆನೆಂದ ಮಗ, ತಾಯಿಯ ಮನಸ್ಸನ್ನೂ ಮುರಿಯಲಾರದೆ ಹಿಟ್ಟಿನ ಕೋಳಿಗೆ ಒಪ್ಪಿದನು. ಕಡಿದಾಗ ಅದು ಕೂಗಿತು. ಆಮೇಲೆ ರಾಣಿ ಇಕ್ಕಿದ ವಿಷದಿಂದ ತಾಯಿಯೂ ಮಗನೂ ಸತ್ತು, ನವಿಲು ಮತ್ತು ನಾಯಿಯಾಗಿ ಹುಟ್ಟಿದರು. ಮುಂದೆ ನೀರಿನಲ್ಲಿ, ಕಾಡಿನಲ್ಲಿ, ಕೊಟ್ಟಿಗೆಯಲ್ಲಿ ಬೇರೆ ಬೇರೆ ಪ್ರಾಣಿಗಳಾಗಿ ಹುಟ್ಟಿ ಹುಟ್ಟಿ ಕೊಲ್ಲಲ್ಪಟ್ಟರು. ಮನುಷ್ಯಜನ್ಮಕ್ಕೆ ಮೊದಲಿನ ಭವದಲ್ಲಿ ಅವರು ಕೋಳಿಗಳೇ ಆಗಿದ್ದರು. ಕೊನೆಗೆ ತನ್ನ ಮಗನ ಮಕ್ಕಳಾಗಿಯೇ ಹುಟ್ಟಿದ ಆ ಅವಳಿಗಳ ಕಥೆಯನ್ನು ಕೇಳಿದ ಮಾರಿದತ್ತನು ಬಲಿಯನ್ನು ಬಿಟ್ಟುಬಿಡುತ್ತಾನೆ.

ಲೆಕ್ಕಪತ್ರ ಬಲ್ಲವರಿಗೆ ಈ ಕಾವ್ಯದ ರಚನೆ ಬೇಗನೆ ಅರ್ಥವಾಗುತ್ತದೆ. ಒಂದು ವರ್ಷದ ಆಖೈರು ಶಿಲ್ಕು ಮುಂದಿನ ವರ್ಷದ ಆರಂಭದ ಶಿಲ್ಕಾಗಿ ಇಳಿದು ಬರುವಂತೆ, ಒಂದು ಭವದ ಬಾಕಿ ಇನ್ನೊಂದು ಭವದ ಮೊದಲ ಪುಟದಲ್ಲಿ ಬಂದು ಕೂರುತ್ತದೆ. ಎಷ್ಟೇ ಸಣ್ಣ ನಮೂದಾದರೂ ಬಿಟ್ಟುಹೋಗುವುದಿಲ್ಲ. ಮುಷ್ಟಿ ಹಿಟ್ಟಿನ ಒಂದು ಗೊಂಬೆಗೆ ಇಷ್ಟು ಜನ್ಮಗಳ ಬಡ್ಡಿಯೇ ಎಂದು ಕೇಳುವವರಿಗೆ ಜನ್ನನ ಉತ್ತರವಿದೆ: ಕತ್ತಿ ಬಿದ್ದುದು ಹಿಟ್ಟಿನ ಮೇಲಾದರೂ ಕೊಲ್ಲುವ ಸಂಕಲ್ಪ ಹುಟ್ಟಿದುದು ಜೀವದಲ್ಲಿ.

ಕಾರ್ನಾಡರು ಈ ಖಾತೆಯನ್ನು ಒಂದೇ ರಾತ್ರಿಯಲ್ಲಿ ಮುಚ್ಚುತ್ತಾರೆ. ಮಾರಿದತ್ತನಿಲ್ಲ, ಅವಳಿಗಳಿಲ್ಲ, ನವಿಲು ನಾಯಿಗಳಿಲ್ಲ. ಹಾಳು ಗುಡಿಯೊಂದರಲ್ಲಿ ಅರಸ, ರಾಣಿ, ರಾಜಮಾತೆ, ಮಾವುತ, ಹೀಗೆ ನಾಲ್ವರು ಮಾತ್ರ. ರಾಣಿಯು ಹುಟ್ಟು ಜೈನಳು. ಅರಸನು ಅವಳಿಗಾಗಿ ಜಿನಧರ್ಮವನ್ನು ಸ್ವೀಕರಿಸಿದವನು. ರಾಜಮಾತೆ ಬಲಿಯ ಪದ್ಧತಿಯನ್ನು ಬಿಡದವಳು. ಮಾವುತನ ಹಾಡಿಗೆ ಒಲಿದ ರಾಣಿಯನ್ನು ಅರಸನು ಕಾಣುತ್ತಾನೆ, ರಾಜಮಾತೆ ಅಲ್ಲಿಗೆ ಬರುತ್ತಾಳೆ, ಪ್ರಾಯಶ್ಚಿತ್ತದ ಮಾತು ಏಳುತ್ತದೆ, ಹಿಟ್ಟಿನ ಹುಂಜದ ರಾಜಿ ಮುಂದೆ ಬರುತ್ತದೆ. ರಾಣಿ ಮಾತ್ರ ಅದನ್ನು ಒಪ್ಪಲಾರಳು. ಕೊಲೆಯ ಅಭಿನಯವೂ ಕೊಲೆಯೇ ಎಂಬುದು ಅವಳ ಪಕ್ಷ.

ಪುನರ್ಜನ್ಮವನ್ನು ನಂಬದ ನಾಟಕಕಾರನಿಗೆ ಇದು ಅನಿವಾರ್ಯವಾದ ದಾರಿ. ಪಾಪದ ಫಲವನ್ನು ಮುಂದಿನ ಭವಕ್ಕೆ ದಾಟಿಸುವ ಅನುಕೂಲ ಅವರಿಗಿಲ್ಲ. ಫಲವೇನಿದ್ದರೂ ಅದು ಈ ನಾಲ್ವರ ನಡುವೆ, ಬೆಳಗಾಗುವುದರೊಳಗೆ, ಕಣ್ಣೆದುರಿಗೆ ಕಾಣಿಸಬೇಕು. ಹೀಗಾಗಿ ಕರ್ಮವು ಮಾಡಬೇಕಾದ ಕೆಲಸವನ್ನು ಅವರು ಅಂತಃಸಾಕ್ಷಿಯಿಂದ ಮಾಡಿಸುತ್ತಾರೆ. ಇದರಿಂದ ನಾಟಕಕ್ಕೆ ಒಂದು ಬಿಗಿ ಬಂದಿದೆ. ಜನ್ನನಲ್ಲಿ ಭವಾವಳಿಯ ಉದ್ದಕ್ಕೆ ಹರಿದುಹೋಗುವ ನೋವು ಇಲ್ಲಿ ಒಂದೇ ಕಡೆ ಮಡುಗಟ್ಟಿದೆ. ಇದು ಲಾಭದ ಬಾಬು.

ಅರಸನ ಪಾತ್ರದಲ್ಲಿ ಈ ಲಾಭ ಸ್ಪಷ್ಟವಾಗಿದೆ. ಕಾರ್ನಾಡರ ಅರಸ ಕೆಟ್ಟವನಲ್ಲ. ಪತ್ನಿಯನ್ನು ಪ್ರೀತಿಸುತ್ತಾನೆ, ಅವಳ ಧರ್ಮವನ್ನು ಗೌರವಿಸುತ್ತಾನೆ, ಕತ್ತಿಯನ್ನು ಬೀಸುವುದಿಲ್ಲ. ಆದರೂ ಅವನ ತಾಳ್ಮೆಯೊಳಗೆ ಕ್ರೋಧ ಕುದಿಯುತ್ತಿದೆ. ಅವನ ಕ್ಷಮೆಯೊಳಗೆ ಮಾನ ಕುಳಿತಿದೆ. ಹಿಟ್ಟಿನ ಹುಂಜವೆಂಬ ಸಣ್ಣ ಸಂಗತಿಗೆ ರಾಣಿ ಏಕೆ ಇಷ್ಟು ಹಟ ಮಾಡುತ್ತಾಳೆಂದು ಅವನಿಗೆ ಅರ್ಥವಾಗದೆ ಇರುವುದು ಇದರಿಂದಲೇ. ಅಮೃತಚಂದ್ರಸೂರಿಯು 'ಪುರುಷಾರ್ಥಸಿದ್ಧ್ಯುಪಾಯ'ದಲ್ಲಿ ರಾಗಾದಿಗಳ ಉದಯವೇ ಹಿಂಸೆಯೆಂದು ನಿರ್ಣಯಿಸುತ್ತಾನೆ. ಹೊರಗೆ ಪ್ರಾಣ ಹೋಯಿತೇ ಇಲ್ಲವೇ ಎಂಬುದು ಅಲ್ಲಿ ಎರಡನೆಯ ಮಾತು. ಕಾರ್ನಾಡರು ಈ ಗ್ರಂಥವನ್ನು ನೋಡಿದ್ದರೆಂದು ಹೇಳಲು ಆಧಾರ ಬೇಕಾಗುತ್ತದೆ. ಆದರೆ ನಾಟಕದ ಅರಸನು ಆ ಗ್ರಂಥಕ್ಕೆ ಬರೆದ ಉದಾಹರಣೆಯಂತಿದ್ದಾನೆ. ನಂಬಿಕೆಯಿಲ್ಲದವನೊಬ್ಬನು ಮನುಷ್ಯರನ್ನು ನಿಷ್ಠೆಯಿಂದ ನೋಡಿ ಆಚಾರ್ಯರ ನಿರ್ಣಯಕ್ಕೇ ಬಂದು ಮುಟ್ಟಿದುದು ಜೈನರು ಸಂತೋಷಪಡಬೇಕಾದ ವಿಷಯ.

ರಾಣಿಯ ಪಾತ್ರ ಇಷ್ಟು ಸುಲಭವಲ್ಲ. ಜನ್ನನಲ್ಲಿ ಅಮೃತಮತಿಯು ಪತಿಯನ್ನೂ ಅತ್ತೆಯನ್ನೂ ಕೊಂದು ನರಕಕ್ಕೆ ಇಳಿಯುವವಳು. ಜನ್ನನಿಗೆ ಅವಳ ಒಲವಿನ ಬಗ್ಗೆ ಕುತೂಹಲವಿದೆ, ಒಂದಿಷ್ಟು ಮರುಕವೂ ಇದೆ. ಆದರೆ ತೀರ್ಪಿನಲ್ಲಿ ರಿಯಾಯಿತಿಯಿಲ್ಲ. ಕಾರ್ನಾಡರು ಈ ಹೆಣ್ಣನ್ನು ಪೂರ್ತಿ ತಿರುವಿ ನಿಲ್ಲಿಸಿದ್ದಾರೆ. ವಿಷವಿಕ್ಕಿದವಳ ಬಾಯಲ್ಲಿಯೇ ಅಹಿಂಸೆಯ ಪಕ್ಷವನ್ನು ಆಡಿಸಿದ್ದಾರೆ. ಇದಕ್ಕೆ ಅವರ ಜೀವನದಲ್ಲಿ ಕಾರಣ ಹುಡುಕುವವರು ತಾಯಿಯ ಕಡೆ ಬೆರಳು ತೋರಿಸುತ್ತಾರೆ. ಅವರ ತಾಯಿ ಕೃಷ್ಣಾಬಾಯಿಯವರು ಎಳೆಯ ವಯಸ್ಸಿನಲ್ಲಿಯೇ, ಒಂದು ಗಂಡುಮಗುವಿನೊಂದಿಗೆ, ವಿಧವೆಯಾದವರು. ದಾದಿಯ ಕೆಲಸ ಕಲಿಯುತ್ತ ಡಾ. ರಘುನಾಥ ಕಾರ್ನಾಡರ ಪರಿಚಯವಾಗಿ, ವಿಧವಾವಿವಾಹವನ್ನು ಸಮಾಜವು ಸಹಿಸದಿದ್ದ ಕಾಲದಲ್ಲಿ ಹಲವು ವರ್ಷ ಕಾದು, ಆರ್ಯಸಮಾಜದ ಪದ್ಧತಿಯಲ್ಲಿ ಮದುವೆಯಾದವರು. ಸಮಾಜ 'ಕೆಟ್ಟವಳು' ಎಂದು ಬೆರಳೆತ್ತಬಹುದಾಗಿದ್ದ ಹೆಣ್ಣೊಬ್ಬಳ ಮಡಿಲಲ್ಲಿ ಬೆಳೆದವನಿಗೆ ಹೆಣ್ಣಿನ ಮೇಲಿನ ತೀರ್ಪುಗಳಲ್ಲಿ ಸಂಶಯ ಹುಟ್ಟಿದುದು ಸಹಜ. 'ನಾಗಮಂಡಲ'ದ ರಾಣಿಯೂ 'ಹಯವದನ'ದ ಪದ್ಮಿನಿಯೂ ಅದೇ ಸಂಶಯದ ಕೂಸುಗಳು. ಆದರೂ ಈ ದಾರಿಯಲ್ಲಿ ಬಹುದೂರ ಹೋಗಬಾರದು. ಇಂತಹ ತಾಯಿಯ ಮಕ್ಕಳೆಲ್ಲ ಇಂತಹ ನಾಟಕವನ್ನು ಬರೆದಿಲ್ಲ. ಜೀವನವು ಹಿಟ್ಟನ್ನು ಕೊಟ್ಟಿತೆನ್ನಬಹುದು. ಹುಂಜವನ್ನು ತಿದ್ದಿದವರು ಕಾರ್ನಾಡರೇ.

ಹಾಗಿದ್ದರೂ ಇಲ್ಲಿ ಒಂದು ಆಕ್ಷೇಪವನ್ನು ಹೇಳಲೇಬೇಕು. ನಾಟಕದ ರಾಣಿ ತನ್ನ ನಡತೆಯಲ್ಲಿ ಪಾಪವನ್ನು ಕಾಣುವುದಿಲ್ಲ. ಹಿಟ್ಟಿಗೆ ಕತ್ತಿ ಮುಟ್ಟಿಸುವುದರಲ್ಲಿ ಮಾತ್ರ ಕಾಣುತ್ತಾಳೆ. ಜಿನಧರ್ಮದ ಐದು ಅಣುವ್ರತಗಳಲ್ಲಿ ಅಹಿಂಸೆ ಮೊದಲನೆಯದು ನಿಜ. ಉಳಿದ ನಾಲ್ಕು ಅದರ ಬೇಲಿಗಳು. ಬೇಲಿಯನ್ನು ಕಿತ್ತು ಪೈರನ್ನು ಉಳಿಸುತ್ತೇನೆಂಬ ಬೇಸಾಯಗಾರನನ್ನು ಯಾವ ಊರೂ ನಂಬಲಾರದು. ಆ ರಾತ್ರಿ ರಾಣಿಯು ಅರಸನನ್ನು ಮುಟ್ಟದೆಯೇ ನೋಯಿಸಿದ್ದಾಳೆ. ಆ ನೋವು ಹಿಂಸೆಯ ಲೆಕ್ಕಕ್ಕೆ ಸೇರುವುದಿಲ್ಲವೇ? ಈ ಪ್ರಶ್ನೆಯನ್ನು ನಾಟಕವು ಎತ್ತುವುದಕ್ಕೆ ಹಿಂಜರಿದಿದೆ. ಕಾರ್ನಾಡರಿಗೆ ವ್ಯಕ್ತಿಸ್ವಾತಂತ್ರ್ಯವು ಎಷ್ಟು ದೊಡ್ಡ ಮೌಲ್ಯವೆಂದರೆ, ಸ್ವತಂತ್ರಳಾಗಿ ಮಾಡಿದ ಕೆಲಸವು ಇನ್ನೊಬ್ಬರಿಗೆ ನೋವಾಗುವುದನ್ನು ಅವರು ವಿಷಾದವೆಂದು ಕರೆಯುತ್ತಾರೆಯೇ ಹೊರತು ದೋಷವೆಂದು ಕರೆಯುವುದಿಲ್ಲ. ಅವರ ನಂಬಿಕೆಯು ಕೃತಿಯ ದೃಷ್ಟಿಯನ್ನು ಹರಿತಗೊಳಿಸಿದ ಕಡೆಗಳಿರುವಂತೆಯೇ ದೃಷ್ಟಿಗೆ ಅಡ್ಡವಾದ ಕಡೆಯೂ ಇದೆ ಎಂಬುದಕ್ಕೆ ಇದು ಸಾಕ್ಷಿ.

ಬಲಿಯ ವಿಚಾರವು ಕಾರ್ನಾಡರ ಒಂದು ನಾಟಕಕ್ಕೆ ಸೀಮಿತವಾದುದಲ್ಲ. 1961ರ 'ಯಯಾತಿ'ಯಲ್ಲಿ ತಂದೆಯ ಸುಖಕ್ಕೆ ಮಗನ ಯೌವನ ಬಲಿ. 'ಹಯವದನ'ದಲ್ಲಿ ಕಾಳಿಯ ಮುಂದೆ ತಲೆ ಕತ್ತರಿಸಿಕೊಂಡ ಗೆಳೆಯರಿಬ್ಬರನ್ನೂ ಆ ದೇವಿಯೇ ಸುಳ್ಳುಗಾರರೆಂದು ಹಳಿಯುತ್ತಾಳೆ. ಬಲಿಯ ನೆಪದೊಳಗಿನ ಕಪಟವನ್ನು ದೇವಿಯ ಬಾಯಿಂದಲೇ ಹೇಳಿಸಿದ ಧೈರ್ಯ ಅದು. ತೊಂಬತ್ತರ ದಶಕದ 'ಅಗ್ನಿ ಮತ್ತು ಮಳೆ'ಯಲ್ಲಿ ಏಳು ವರ್ಷದ ಯಜ್ಞದ ಅಂಗಳದಲ್ಲಿ ನಿತ್ತಿಲೆಯೆಂಬ ಮುಗ್ಧ ಹುಡುಗಿಯು ಯಜ್ಞಪಶುವಿನಂತೆ ಕೊಲ್ಲಲ್ಪಡುತ್ತಾಳೆ. ದೇವರಿಗೆ ಏನನ್ನೂ ಸಲ್ಲಿಸದವನ ರಂಗದ ಮೇಲೆ ಮೊದಲಿನಿಂದ ಕೊನೆಯವರೆಗೆ ಯಾರೋ ಯಾರಿಗಾಗಿಯೋ ಬಲಿಯಾಗುತ್ತಲೇ ಇದ್ದಾರೆ. ಹಿಟ್ಟಿನ ಹುಂಜದ ಕಥೆ ತಮಗೆ ಹದಿಹರೆಯದಲ್ಲಿಯೇ ಸಿಕ್ಕಿತ್ತೆಂದೂ ಅದನ್ನು ಮತ್ತೆ ಮತ್ತೆ ಬರೆದು ಬಿಟ್ಟೆನೆಂದೂ ಅವರು ಹೇಳಿಕೊಂಡಿದ್ದಾರೆ. 2002ರಲ್ಲಿ ಇಂಗ್ಲೆಂಡಿನ ಲೆಸ್ಟರ್ ನಗರದ ಹೇಮಾರ್ಕೆಟ್ ರಂಗಮಂದಿರಕ್ಕಾಗಿ ಅದನ್ನು ಇಂಗ್ಲಿಷಿನಲ್ಲಿ 'ಬಲಿ' ಎಂಬ ಹೆಸರಿನಿಂದ ಪುನಃ ರಚಿಸಿದರು. ಅಹಿಂಸೆಯಲ್ಲಿಯೇ ಈ ದೇಶದ ಉಳಿವಿದೆ ಎಂಬುದನ್ನು ಗಾಂಧೀಜಿ ಕಂಡುಕೊಂಡ ಬಗೆಗೆ ಅದನ್ನು ಗೌರವವಾಗಿ ಸಲ್ಲಿಸಿದರು.

ಇಲ್ಲಿಗೆ ಬಂದಾಗ ಜೈನ ಓದುಗರಲ್ಲಿ ಹಲವರು ಒಂದು ಪ್ರಶ್ನೆಯನ್ನು ಎತ್ತುತ್ತಾರೆ. ಅದನ್ನು ಮರೆಮಾಚುವುದು ಸರಿಯಲ್ಲ. 2015ರಲ್ಲಿ ಗೋಮಾಂಸ ನಿಷೇಧವನ್ನು ವಿರೋಧಿಸಿ ಬೆಂಗಳೂರಿನಲ್ಲಿ ನಡೆದ ಪ್ರತಿಭಟನೆಯಲ್ಲಿ ಕಾರ್ನಾಡರು ಪಾಲ್ಗೊಂಡರು. ಅಹಿಂಸೆಯ ನಾಟಕ ಬರೆದವರು ಅಲ್ಲಿಗೆ ಹೋಗಬಹುದೇ? ಅವರ ಲೆಕ್ಕದಲ್ಲಿ ಇದರಲ್ಲಿ ವಿರೋಧವಿಲ್ಲ. ಒಬ್ಬನ ತಟ್ಟೆಯ ಮೇಲೆ ಇನ್ನೊಬ್ಬನು ಅಧಿಕಾರ ಚಲಾಯಿಸುವುದು ಅವರ ದೃಷ್ಟಿಗೆ ಹಿಂಸೆ. ತಟ್ಟೆಯಲ್ಲಿ ಏನಿದೆ ಎಂಬುದು ಬೇರೆಯ ಮಾತು. ಬಲವಂತದ ಅಹಿಂಸೆಗೆ ಬೆಲೆಯಿಲ್ಲವೆಂಬುದನ್ನು ಜೈನರೂ ಒಪ್ಪಬೇಕು. ವ್ರತವೆಂದರೆ ತಾನಾಗಿ ಕೈಕೊಳ್ಳುವುದು. ಆದರೆ ತಟ್ಟೆಯಲ್ಲಿದ್ದುದು ಒಂದು ಜೀವವಾಗಿತ್ತು ಎಂಬುದು ಜೈನನಿಗೆ ಬೇರೆಯ ಮಾತಾಗಲಾರದು.

ಈ ಸಾರ್ವಜನಿಕ ಘಟನೆಯನ್ನು ಬದಿಗಿಟ್ಟರೂ ನಾಟಕದೊಳಗೆಯೇ ಇದೇ ಕೊರತೆ ಕಾಣುತ್ತದೆ. 'ಹಿಟ್ಟಿನ ಹುಂಜ'ದಲ್ಲಿ ಹುಂಜವೆಲ್ಲಿದೆ? ಹಿಟ್ಟಿನ ಗೊಂಬೆಯಿದೆ, ಅದರ ಬಗ್ಗೆ ಮನುಷ್ಯರ ವಾದವಿದೆ. ಬಲಿಪೀಠದ ಮೇಲೆ ಕತ್ತು ಚಾಚಿದ ನಿಜವಾದ ಕೋಳಿಯ ನೋವು ಎಲ್ಲಿಯೂ ಇಲ್ಲ. ಜನ್ನನು ಅರಸನನ್ನೇ ಕೋಳಿಯಾಗಿಸಿದನು, ಮೀನಾಗಿಸಿದನು, ಆಡಾಗಿಸಿದನು. ಕೊಲ್ಲುವ ಕೈಗೆ ಕೊಲ್ಲಿಸಿಕೊಳ್ಳುವ ಕತ್ತನ್ನು ಕೊಟ್ಟನು. ತನ್ನ ಮಗನ ಆಳುಗಳ ಕೈಯಲ್ಲಿಯೇ, ತನ್ನ ಅಡುಗೆಮನೆಯ ಸುತ್ತಮುತ್ತಲೇ, ಹಿಂದಿನ ಅರಸನು ಮೂಕಪ್ರಾಣಿಯಾಗಿ ಸಾಯುವ ಭಾಗಗಳನ್ನು ಓದಿದವನಿಗೆ ಭವಾವಳಿಯೆಂಬುದು ಬರಿಯ ಮತಾಚಾರದ ಮಾತಾಗಿ ಉಳಿಯುವುದಿಲ್ಲ. ಪ್ರಾಣಿಯ ಮೈಯೊಳಗೆ ನಿಂತು ಲೋಕವನ್ನು ನೋಡುವುದಕ್ಕೆ ಕವಿಗೆ ಸಿಕ್ಕ ಏಕೈಕ ದಾರಿ ಅದು. ಪುನರ್ಜನ್ಮವನ್ನು ತೆಗೆದುಹಾಕಿದಾಗ ಕಾರ್ನಾಡರು ಒಂದು ನಂಬಿಕೆಯನ್ನು ಮಾತ್ರ ತೆಗೆದೆನೆಂದುಕೊಂಡಿರಬಹುದು. ಅದರ ಜೊತೆಗೆ ನವಿಲೂ ನಾಯಿಯೂ ಮೀನೂ ಆಡೂ ರಂಗದಿಂದ ಹೊರಟುಹೋದುವು. ಉಳಿದುದು ಮನುಷ್ಯರ ದುಃಖ. ಅಹಿಂಸೆಯ ಮೇಲಿನ ನಾಟಕದಲ್ಲಿ ಮನುಷ್ಯೇತರ ಜೀವಕ್ಕೆ ಜಾಗವಿಲ್ಲದಿರುವುದು ಸಣ್ಣ ನಷ್ಟವಲ್ಲ. ನಾಟಕದ ಮೇಲೆ ಬಂದಿರುವ ವಿಮರ್ಶೆಗಳು ರಾಣಿಯ ಚರ್ಚೆಯಲ್ಲಿಯೇ ಮುಳುಗಿ ಇದನ್ನು ಗಮನಿಸಿದ್ದು ಕಡಿಮೆ.

ಇಷ್ಟು ಹೇಳಿದ ಮೇಲೆ ತಕ್ಕಡಿಯ ಇನ್ನೊಂದು ತಟ್ಟೆಯನ್ನೂ ನೋಡಬೇಕು. ನಂಬಿಕೆ ಉಳ್ಳವರ ಕಡೆಯ ಲೆಕ್ಕ ಹೇಗಿದೆ?

ಹಿಟ್ಟಿನ ಪ್ರಾಣಿಯ ರಾಜಿ ಕರಾವಳಿಗೆ ಹಳೆಯ ಸಂಗತಿ. ಉಡುಪಿಯ ಬಳಿಯ ಪಾಜಕದಲ್ಲಿ ಜನಿಸಿದ ಮಧ್ವಾಚಾರ್ಯರ ಪರಂಪರೆಯಲ್ಲಿ ಯಜ್ಞಕ್ಕೆ ಜೀವಂತ ಪಶುವಿನ ಬದಲು ಪಿಷ್ಟಪಶುವನ್ನು, ಎಂದರೆ ಹಿಟ್ಟಿನಿಂದ ಮಾಡಿದ ಪಶುವನ್ನು, ಬಳಸಬೇಕೆಂದು ವಿಧಿಸಲಾಯಿತು. ಎಷ್ಟೋ ಆಡುಗಳು ಇದರಿಂದ ಬದುಕಿಕೊಂಡವು. ಕುಂಬಳಕಾಯಿಗೆ ಕುಂಕುಮ ಹಚ್ಚಿ ಒಡೆಯುವ ವಾಡಿಕೆಯೂ ಇದೇ ಜಾತಿಯದು. ಜೈನ ಪುರಾಣಗಳಲ್ಲಿಯೂ ಇದರ ವಾದವಿದೆ: 'ಅಜ' ಎಂದರೆ ಆಡೆಂದು ಪರ್ವತನು, ಮೊಳೆಯದ ಹಳೆಯ ಧಾನ್ಯವೆಂದು ನಾರದನು, ಗುರುಪತ್ನಿಯ ಮಾತಿಗೆ ಕಟ್ಟುಬಿದ್ದು ಸುಳ್ಳು ತೀರ್ಪು ಕೊಟ್ಟ ವಸುರಾಜನು ಸಿಂಹಾಸನದೊಡನೆ ಕುಸಿದುಹೋದನು. ಧಾನ್ಯದ ಪಕ್ಷವೇ ಅಲ್ಲಿ ಧರ್ಮಪಕ್ಷ. ಹಾಗಾದರೆ ಯಶೋಧರನ ಹಿಟ್ಟಿನ ಕೋಳಿ ಏಕೆ ಪಾಪವಾಯಿತು? ನಾರದನು ಧಾನ್ಯವನ್ನು ಧಾನ್ಯವೆಂದೇ ಅರ್ಪಿಸುವವನು. ಯಶೋಧರನು ಹಿಟ್ಟಿಗೆ ಕೊಕ್ಕು, ಜುಟ್ಟು, ರೆಕ್ಕೆಗಳನ್ನು ಇಡಿಸಿ, ಕೋಳಿಯೆಂದು ಭಾವಿಸಿ ಕಡಿದನು. ಎರಡರ ನಡುವಿನ ದೂರವನ್ನು ಅಳೆಯಲು ಮೊಳಕೋಲು ಬೇಡ, ಮನಸ್ಸು ಬೇಕು.

ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯದಲ್ಲಿ ಈ ಅಳತೆಯ ಲೆಕ್ಕವಿದೆ. ಸಂರಂಭ, ಸಮಾರಂಭ, ಆರಂಭವೆಂದು ಮೂರು. ಮನಸ್ಸು, ಮಾತು, ಮೈ ಎಂದು ಮೂರು. ತಾನು ಮಾಡುವುದು, ಮಾಡಿಸುವುದು, ಮಾಡಿದವರನ್ನು ಒಪ್ಪುವುದೆಂದು ಮೂರು. ಕ್ರೋಧ, ಮಾನ, ಮಾಯೆ, ಲೋಭಗಳೆಂದು ನಾಲ್ಕು. ಗುಣಿಸಿದರೆ 108. ಜಪಮಾಲೆಯ ಮಣಿಗಳಷ್ಟೇ ಬಾಗಿಲುಗಳಿಂದ ದೋಷವು ಒಳಗೆ ಬರಬಹುದು. ಯಶೋಧರನ ಹಿಟ್ಟಿನ ಕೋಳಿ ಇವುಗಳಲ್ಲಿ ಎಷ್ಟು ಬಾಗಿಲುಗಳನ್ನು ತೆರೆಯಿತೆಂದು ಎಣಿಸುತ್ತ ಹೋದರೆ ಜನ್ನನು ಕಥೆಗೆ ಅತಿಶಯವನ್ನೇನೂ ಬೆರೆಸಿಲ್ಲವೆಂದು ತಿಳಿಯುತ್ತದೆ.

ಇದೇ ಲೆಕ್ಕವನ್ನು ತುಳುನಾಡಿನ ಮೇಲೆ ಇಟ್ಟು ನೋಡಿದರೆ ಕಸಿವಿಸಿಯಾಗುತ್ತದೆ. ಇಲ್ಲಿಯ ಜೈನ ಬೀಡು, ಗುತ್ತುಗಳಲ್ಲಿ ದೈವಾರಾಧನೆಯು ತಲೆಮಾರುಗಳಿಂದ ನಡೆದುಬಂದಿದೆ. ಯಜಮಾನನು ಬೆಳಿಗ್ಗೆ ಬಸದಿಯಲ್ಲಿ ಅಭಿಷೇಕ ಮಾಡಿಸಿ, ರಾತ್ರಿ ಕೋಲದ ಚಪ್ಪರದಲ್ಲಿ ಗೌರವದ ಸ್ಥಾನದಲ್ಲಿ ನಿಲ್ಲುತ್ತಾನೆ. ದೈವಕ್ಕೆ ಕೋಳಿ ಸಲ್ಲುವ ಕಡೆಗಳಲ್ಲಿ ಜೈನನ ಕೈ ಕತ್ತಿಯನ್ನು ಮುಟ್ಟುವುದಿಲ್ಲ. ಕೊಯ್ಯುವವರು ಬೇರೆ, ಉಣ್ಣುವವರು ಬೇರೆ. ಆ ಹೊತ್ತಿಗೆ ಮುಖ ತಿರುಗಿಸಿ ನಿಂತರೆ ಸಾಕೆಂಬ ಸಮಾಧಾನವುಂಟು. ಮಾಡಲಿಲ್ಲ ನಿಜ, ಮಾಡಿಸಿದಂತಾಯಿತೇ, ಒಪ್ಪಿದಂತಾಯಿತೇ ಎಂಬ ಪ್ರಶ್ನೆಗಳು ಚಪ್ಪರದ ಹೊರಗೆ ಕಾದಿರುತ್ತವೆ. ದೇವಾಲಯಗಳ ಆವರಣದಲ್ಲಿ ಪ್ರಾಣಿಬಲಿಯನ್ನು ನಿಷೇಧಿಸುವ ಕಾಯಿದೆ ರಾಜ್ಯದಲ್ಲಿ 1959ರಿಂದಲೇ ಇದೆ. ಕಾಯಿದೆ ಕೈಯನ್ನು ಹಿಡಿಯಬಲ್ಲುದು. ಅನುಮೋದನೆಯನ್ನು ಹಿಡಿಯುವ ಕಾಯಿದೆಯನ್ನು ಯಾವ ವಿಧಾನಸಭೆಯೂ ಮಾಡಲಾರದು. ಕೆಲವು ಮನೆಗಳು ಹಿರಿಯರ ಕಾಲದಲ್ಲಿಯೇ ದೈವಕ್ಕೆ ಎಳನೀರು, ಹೂವು, ಹಿಂಗಾರಗಳಷ್ಟೇ ಸಾಕೆಂದು ಅರಿಕೆ ಮಾಡಿಕೊಂಡು ಒಪ್ಪಿಸಿದುವು. ಅವನ್ನು ಇಲ್ಲಿ ಗೌರವದಿಂದ ನೆನೆಯಬೇಕು.

ಪೇಟೆಯ ಮಾತೂ ಇದಕ್ಕಿಂತ ಬೇರೆಯಲ್ಲ. ಬಂದರು ಪ್ರದೇಶದಲ್ಲಿ ಮೀನಿನ ವ್ಯಾಪಾರ ತನಗೆ ನಿಷಿದ್ಧವೆನ್ನುವ ಸಗಟು ವ್ಯಾಪಾರಿಯೊಬ್ಬನಿದ್ದಾನೆಂದುಕೊಳ್ಳೋಣ. ಅವನ ಗೋದಾಮು ಒಣಮೀನಿನವನಿಗೆ ಬಾಡಿಗೆಗಿದೆ. ಬಾಡಿಗೆಯ ರಶೀದಿಯಲ್ಲಿ 'ಮಾಲು' ಎಂದು ಮಾತ್ರ ಬರೆಯಲಾಗುತ್ತದೆ. ಆ ಎರಡಕ್ಷರ ಹಿಟ್ಟಿನ ಹುಂಜವಲ್ಲದೆ ಇನ್ನೇನು? ಗೃಹಸ್ಥನಿಗೆ ಆರಂಭೀ, ಉದ್ಯೋಗೀ, ವಿರೋಧೀ ಹಿಂಸೆಗಳು ಪೂರ್ತಿ ತಪ್ಪಲಾರವೆಂದು ಆಚಾರ್ಯರು ಕರುಣೆಯಿಂದ ಒಪ್ಪಿದ್ದಾರೆ. ಸಂಕಲ್ಪೀ ಹಿಂಸೆಗೆ ಮಾತ್ರ ವಿನಾಯಿತಿಯನ್ನು ಕೊಟ್ಟಿಲ್ಲ. ಆ ವ್ಯಾಪಾರಿಯ ಬಾಡಿಗೆ ಯಾವ ಬಾಬಿಗೆ ಸೇರುತ್ತದೆ ಎಂಬುದನ್ನು ಅವನೇ ಬರೆದುಕೊಳ್ಳಬೇಕು. ಕಾರ್ನಾಡರ ರಾಣಿ ಅರಸನನ್ನು ಕೇಳುವುದು ಇಂತಹ ಪ್ರಶ್ನೆಯನ್ನೇ. ಜನ್ಮಾಂತರದ ಭಯವಿಲ್ಲದೆ, ನರಕದ ಹೆಸರನ್ನೂ ಹೇಳದೆ, 'ನೀನು ಏನನ್ನು ಕಡಿಯುತ್ತಿದ್ದೀಯೆಂದು ನಿನಗೆ ಗೊತ್ತಿದೆಯೇ' ಎಂಬಂತೆ ಅವಳು ನಿಲ್ಲುತ್ತಾಳೆ. ಫಲದ ಭಯದಿಂದ ಹಿಂಸೆಯನ್ನು ಬಿಟ್ಟವನಿಗಿಂತ ಹಿಂಸೆಯ ಸ್ವರೂಪವನ್ನು ಕಂಡು ಬಿಟ್ಟವನು ಮೇಲಲ್ಲವೇ ಎಂದು ನಂಬಿಕೆಯಿಲ್ಲದ ನಾಟಕಕಾರನು ಕೇಳಿದಂತಿದೆ. ಸಮ್ಯಗ್ದರ್ಶನವನ್ನು ಮೊದಲಿಟ್ಟ ಧರ್ಮದಲ್ಲಿ ಈ ಪ್ರಶ್ನೆಗೆ ಇಲ್ಲವೆಂದು ಹೇಳುವುದು ಕಷ್ಟ.

ಎರಡೂ ಕೃತಿಗಳ ಕೊನೆಯನ್ನು ಅಕ್ಕಪಕ್ಕದಲ್ಲಿಟ್ಟು ನೋಡಿದರೆ ನಂಬಿಕೆಯ ವ್ಯತ್ಯಾಸ ಕೊನೆಯ ಬಾರಿಗೆ ಎದ್ದು ಕಾಣುತ್ತದೆ. ಇಂಗ್ಲಿಷ್ ರೂಪವಾದ 'ಬಲಿ'ಯಲ್ಲಿ ರಾಣಿಯು ಆ ಕತ್ತಿಗೆ ತಾನೇ ಎದೆಯೊಡ್ಡಿ ಸಾಯುತ್ತಾಳೆ. ಹಿಟ್ಟಿನ ಹುಂಜಕ್ಕೆ ಎತ್ತಿದ ಆಯುಧವು ಮನುಷ್ಯರ ರಕ್ತವನ್ನು ಕಾಣುತ್ತದೆ. ರಂಗದ ಮೇಲೆ ಅದು ಬಲವಾದ ಮುಕ್ತಾಯವೇ ಸರಿ. ಆದರೆ ಅಹಿಂಸೆಯನ್ನು ಎತ್ತಿಹಿಡಿದವಳು ತನ್ನ ಮೇಲೆಯೇ ಹಿಂಸೆಯನ್ನು ಎಸಗಿಕೊಳ್ಳುವುದನ್ನು ಜಿನಧರ್ಮ ಒಪ್ಪದು. ಆವೇಶದಲ್ಲಿ ಪ್ರಾಣ ನೀಗುವುದಕ್ಕೂ ಸಲ್ಲೇಖನಕ್ಕೂ ಅಜಗಜಾಂತರ. ಒಂದೇ ಜನ್ಮವನ್ನು ನಂಬಿದ ನಾಟಕಕಾರನಿಗೆ ರಾಣಿಯನ್ನು ಆ ಗುಡಿಯಿಂದ ಹೊರಗೆ ಕರೆತರುವ ಬೇರೆ ಬಾಗಿಲು ಕಾಣಲಿಲ್ಲ. ಜನ್ನನಿಗೆ ಕಾಲ ಬೇಕಾದಷ್ಟಿತ್ತು. ಅವನು ತನ್ನ ಅರಸನನ್ನು ನವಿಲಾಗಿಸಿ, ಮೀನಾಗಿಸಿ, ಕೋಳಿಯಾಗಿಸಿ, ಕಡೆಗೆ ಎಳೆಯ ಹುಡುಗನನ್ನಾಗಿ ಮತ್ತೊಂದು ಕತ್ತಿಯ ಕೆಳಗೆ ತಂದು ನಿಲ್ಲಿಸಿದನು. ಆ ಹುಡುಗನು ಹೆದರದೆ ಕಥೆ ಹೇಳುತ್ತಿದ್ದಂತೆ ಮಾರಿದತ್ತನು ಎತ್ತಿದ ಕೈಯನ್ನು ಇಳಿಸಿದನು.